ಬಾಗಿಲ ಹೊರಗಿನಿಂದ ಕಂಡ ಆಟ: ಕೌತಾಳಂ ಸೀಮೆಯ ವಿಡಿಯೋ ಗೇಮ್ ಅಂಗಡಿಗಳ ಒಂದು ಓದು

ಧ್ವನಿ ಕೇಳಿಸ್ತಿದೆ ಅಂತ ಅಧ್ಯಕ್ಷರು ತಲೆ ಆಡಿಸಿದ್ದಾರೆ, ಹಾಗಾಗಿ ಶುರು ಮಾಡ್ತೇನೆ. ಗೋಷ್ಠಿಯಲ್ಲಿ ಆಡಿದ ಮಾತನ್ನೇ ಇಲ್ಲಿ ಬರೆಹಕ್ಕೆ ಇಳಿಸಿದ್ದೇನೆ. ವಾಕ್ಯಗಳನ್ನು ಅಲ್ಲಲ್ಲಿ ಜೋಡಿಸಿದ್ದೇನೆಯೇ ಹೊರತು ಮಾತಿನ ರೂಪಗಳನ್ನು ಪೂರಾ ತಿದ್ದಲು ಹೋಗಿಲ್ಲ. ನಮ್ಮ ಸೀಮೆಯ ಕನ್ನಡ ಅಲ್ಲಲ್ಲಿ ತಲೆ ಹಾಕಿದರೆ ಸೈರಿಸಿಕೊಳ್ಳಿ.

ನನಗೆ ಕೊಟ್ಟ ವಿಷಯ ‘ವಿಡಿಯೋ ಗೇಮ್ ಅಂಗಡಿಗಳ ಅವನತಿ ಮತ್ತು ಭವಿಷ್ಯ’. ನನ್ನ ಮೊದಲ ತಕರಾರು ಈ ‘ಅವನತಿ’ ಅನ್ನೋ ಪದದ ಮೇಲೇನೇ. ಯಾವುದರ ಅವನತಿ? ಆಟದ್ದಂತೂ ಅಲ್ಲ. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ‘ಮೇಮ್’ ಅನ್ನೋ ತಂತ್ರಾಂಶ ಹೊರತಂದ. ಹಳೇ ಅಂಗಡಿ ಯಂತ್ರಗಳ ಒಳಗಿದ್ದ ಪ್ರೋಗ್ರಾಮನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ನಡೆಸೋ ಉಪಾಯ ಅದು. ಅಂದಿನಿಂದ ಸಾವಿರಾರು ಆಟಗಳು ಒಂದು ಬಿಟ್ಟೂ ಕಳೆಯದ ಹಾಗೆ ಉಳಿದುಕೊಂಡಿವೆ. ಇವತ್ತು ಅವು ನಿಮ್ಮ ಜೇಬಿನ ಫೋನಿನಲ್ಲೂ ಓಡುತ್ತವೆ. ಪಠ್ಯ ಸುರಕ್ಷಿತವಾಗಿದೆ. ಹೋಗಿದ್ದು ಜಾಗ. ಜಾನಪದ ಓದಿದ ನಮಗೆ ಈ ವ್ಯತ್ಯಾಸ ಹೊಸದೇನಲ್ಲ. ಬಯಲಾಟದ ಪ್ರಸಂಗ ಅಚ್ಚಾಗಿ ಕಪಾಟಿನಲ್ಲಿ ಕೂತ ಮಾತ್ರಕ್ಕೆ ಬಯಲಾಟ ಉಳಿದಂತಲ್ಲ ಅಂತ ನಾವೇ ಎಷ್ಟು ಪ್ರಬಂಧಗಳಲ್ಲಿ ಬರೆದಿದ್ದೀವಿ! ಆದರೆ ಅದೇ ಕಣ್ಣಿನಿಂದ ಗೇಮಿನ ಅಂಗಡಿಯನ್ನು ನೋಡೋಕೆ ಮಾತ್ರ ನಮಗೆ ಯಾಕೋ ನಾಚಿಕೆ. ಸಿನಿಮಾ ಬಗ್ಗೆ, ನಾಟಕ ಕಂಪನಿಗಳ ಬಗ್ಗೆ, ಜಾತ್ರೆಯ ಬಗ್ಗೆ ಗಂಭೀರವಾಗಿ ಬರೆಯೋ ಕನ್ನಡ ವಿಮರ್ಶೆ, ಹುಡುಗರು ಸಾಲಾಗಿ ನಿಂತು ಕಿರುಚಾಡ್ತಿದ್ದ ಈ ಕತ್ತಲೆ ಕೋಣೆಯನ್ನು ‘ಮಕ್ಕಳು ಕೆಡೋ ಜಾಗ’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದೆ.

ನಾನು ಮಾತಾಡೋದು ಕೌತಾಳಂ ಕಡೆಯದು. ಮೈಸೂರು, ಧಾರವಾಡದಲ್ಲಿ ಕೂತು ಕೇಳ್ತಿರೋರಿಗೆ ಒಂದೆರಡು ಮಾತು ಹೇಳಬೇಕು. ಆದೋನಿ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಂಧ್ರ ರಾಜ್ಯ ಹುಟ್ಟಿದ ದಿನ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆಗೆ ಹೋದವು, ಬಳ್ಳಾರಿಯ ಹೆಚ್ಚಿನ ಭಾಗ ಮೈಸೂರಿಗೆ ಬಂತು. ಹಾಗಾಗಿ ಕೌತಾಳಂ ಕರ್ನೂಲು ಜಿಲ್ಲೆಯ ಪಶ್ಚಿಮ ಅಂಚಿನ ಊರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ಎರಡೂ, ನಡುವೆ ಉರ್ದು. ದುಡ್ಡಿನ ಊರು ಅಂದ್ರೆ ಆದೋನಿ, ಅದರ ಹತ್ತಿ ಮಾರ್ಕೆಟ್ಟು. ದೇವರ ಊರು ಅಂದ್ರೆ ನಮ್ಮ ಮಂಡಲದ್ದೇ ಉರುಕುಂದ. ಅಲ್ಲಿನ ಈರಣ್ಣನ ದರ್ಶನಕ್ಕೆ ಶ್ರಾವಣ ಮಾಸದಲ್ಲಿ ಕರ್ನಾಟಕದಿಂದ ಜನ ಗಾಡಿ ಗಾಡಿ ತುಂಬಿ ಬರ್ತಾರೆ. ಇಷ್ಟು ಸಾಕು.

ಈ ಸೀಮೆಯಲ್ಲಿ ಆರ್ಕೇಡ್ ಅನ್ನೋ ಪದ ಯಾರ ಬಾಯಲ್ಲೂ ಇರ್ಲಿಲ್ಲ. ‘ಗೇಮಿನ ಅಂಗಡಿ’ ಅಂತಿದ್ರು. ದೊಡ್ಡ ಊರಲ್ಲಿ ನಿಂತು ಆಡುವ ಮರದ ಪೆಟ್ಟಿಗೆ ಯಂತ್ರಗಳು, ಸಣ್ಣ ಊರಲ್ಲಿ ಟೇಬಲ್ ಮೇಲೆ ಒಂದು ಕಲರ್ ಟಿವಿ, ಅದಕ್ಕೆ ಜೋಡಿಸಿದ ನಕಲಿ ನಿಂಟೆಂಡೋ, ಕಾಂಟ್ರಾ, ಮಾರಿಯೋ ಇರೋ ಕ್ಯಾಸೆಟ್ಟು. ಯಂತ್ರಕ್ಕೆ ರೂಪಾಯಿ ಬಿಲ್ಲೆ, ಟಿವಿಗೆ ಗಂಟೆ ಲೆಕ್ಕ. ಎರಡಕ್ಕೂ ಶತ್ರು ಒಂದೇ, ಕರೆಂಟು. ಎಸ್‌ಟಿಡಿ ಬೂತಿನ ಮಗ್ಗುಲಲ್ಲೋ, ಸೈಕಲ್ ಅಂಗಡಿಯ ಹಿಂದೆಯೋ ಒಂದು ಕೋಣೆ, ಬಾಗಿಲಿಗೆ ಪರದೆ. ಪರದೆ ಯಾಕೆ ಅಂದ್ರೆ ಬಿಸಿಲಿಗೆ ಸ್ಕ್ರೀನು ಕಾಣಲ್ಲ ಅಂತ ಅಂಗಡಿಯವರು ಹೇಳೋರು. ಶಾಲೆ ತಪ್ಪಿಸಿ ಬಂದ ಹುಡುಗರು ಕಾಣಬಾರ್ದು ಅಂತ ಊರವರು ಹೇಳೋರು. ಎರಡೂ ನಿಜ.

ನಾನು ಆ ಪರದೆಯ ಹೊರಗಿನವಳು. 2000ದ ಆಸುಪಾಸಿನಲ್ಲಿ ಅಣ್ಣ ಒಳಗೆ ಹೋದರೆ ನಾನು ಎದುರಿನ ಕಿರಾಣಿ ಅಂಗಡಿ ಕಟ್ಟೆ ಮೇಲೆ ಕೂಡಬೇಕು, ಅಪ್ಪ ಬಂದರೆ ಕೂಗಬೇಕು. ಅದು ನನ್ನ ಕೆಲಸ. ಸಂಬಳ ಅಂದ್ರೆ ಎರಡು ನಿಂಬೆಹುಳಿ ಚಾಕ್ಲೇಟು. ಹಾಗಾಗಿ ನಾನು ಈ ಆಟಗಳನ್ನು ಮೊದಲು ಕೇಳಿದ್ದು, ಆಮೇಲೆ ಎಷ್ಟೋ ವರ್ಷಕ್ಕೆ ಲ್ಯಾಪ್‌ಟಾಪಿನಲ್ಲಿ ನೋಡಿದ್ದು. ಇದನ್ನು ಯಾಕೆ ಹೇಳ್ತೀನಿ ಅಂದ್ರೆ, ಈಗ ಗೇಮಿನ ಅಂಗಡಿ ಬಗ್ಗೆ ಬರ್ತಿರೋ ಬರಹ, ವಿಡಿಯೋ ಎಲ್ಲಾ ಹೆಚ್ಚುಕಮ್ಮಿ ಒಂದೇ ರಾಗ: ನಮ್ಮ ಕಾಲದಲ್ಲಿ ಒಂದು ರೂಪಾಯಿಗೆ ಎಂಥಾ ಸುಖ ಇತ್ತು, ಈಗಿನ ಹುಡುಗರಿಗೆ ಅದು ಗೊತ್ತಿಲ್ಲ. ಹೇಳೋರೆಲ್ಲಾ ಪರದೆಯ ಒಳಗಿದ್ದೋರು. ಹೊರಗೆ ಕೂತವಳಿಗೆ ಕಾಣೋ ಚಿತ್ರ ಬೇರೆ.

ಆ ಚಿತ್ರಕ್ಕೆ ಬರೋ ಮುಂಚೆ ಒಂದು ಆಟವನ್ನು ಪಠ್ಯದ ಹಾಗೇ ಓದೋಣ. ನಮ್ಮ ಕಡೆ ಅದನ್ನು ‘ಮುಸ್ತಫಾ’ ಅಂತಾರೆ. ಇಡೀ ಇಂಡಿಯಾದಲ್ಲೇ ಹಂಗಂತಾರೆ ಅನ್ನಿ. ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’, 1993ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ತಂದದ್ದು. ಮಾರ್ಕ್ ಶುಲ್ಟ್ಸ್ ಅನ್ನೋ ಅಮೆರಿಕದ ಚಿತ್ರಕಾರ ಬರೆದ ‘ಜೀನೋಜೋಯಿಕ್ ಟೇಲ್ಸ್’ ಕಾಮಿಕ್ಸು ಅದರ ಮೂಲ. ಆಡೋಕೆ ನಾಲ್ಕು ಪಾತ್ರ: ಜ್ಯಾಕ್, ಹ್ಯಾನಾ, ಮುಸ್ತಫಾ, ಮೆಸ್. ಒಂದೇ ಯಂತ್ರದಲ್ಲಿ ಒಟ್ಟಿಗೆ ಮೂರು ಜನ ಆಡಬಹುದು. ಕತೆ ಏನಪ್ಪಾ ಅಂದ್ರೆ, ಡೈನೋಸಾರುಗಳನ್ನು ಬೇಟೆಯಾಡೋ ಕಳ್ಳರ ಗುಂಪನ್ನು ಈ ನಾಲ್ವರು ತಡೀಬೇಕು. ಅಂದ್ರೆ ಅದು ಕಾಡುಮೃಗಗಳನ್ನು ಕಾಯೋರ ಕತೆ. ನಮ್ಮ ಅಂಗಡಿಯಲ್ಲಿ ಅದನ್ನು ಯಾರೂ ಹಾಗೆ ಓದಲಿಲ್ಲ. ಡೈನೋಸಾರು ಅಡ್ಡ ಬಂದ್ರೆ ಅದನ್ನೂ ಒದ್ದರು. ತೆರೆ ಮೇಲೆ ಇಂಗ್ಲಿಷ್ ಮಾತು ಬಂದಾಗ ಗುಂಡಿ ಒತ್ತಿ ದಾಟಿಸಿಬಿಡೋರು. ಮಾತಿಗೆ ಸಮಯ ಹಾಳು, ಸಮಯ ಅಂದ್ರೆ ರೂಪಾಯಿ.

ನಾಲ್ವರಲ್ಲಿ ಮುಸ್ತಫಾನೇ ಯಾಕೆ ಆಟಕ್ಕೆ ಹೆಸರಾದ? ಒಂದು ಕಾರಣ ಆಟದೊಳಗಿನದು: ಅವನು ಎಲ್ಲರಿಗಿಂತ ವೇಗ, ಓಡಿ ಬಂದು ಹಾರಿ ಒದೆಯೋ ಅವನ ಒದೆಗೆ ಸಾಲಾಗಿ ನಾಲ್ಕು ಜನ ಬೀಳ್ತಾರೆ. ಇನ್ನೊಂದು ಕಾರಣ ಹೊರಗಿನದು. 1996ರ ‘ಪ್ರೇಮ ದೇಶಂ’ ಸಿನಿಮಾದ ಹಾಡಿನಿಂದ ಆ ಹೆಸರು ತೆಲುಗು ಸೀಮೆಯ ಎಲ್ಲಾ ಹುಡುಗರ ಬಾಯಲ್ಲಿ ಆಗ್ಲೇ ಇತ್ತು. ಮೂರನೇದನ್ನು ನನ್ನ ಊಹೆ ಅಂತಲೇ ಇಟ್ಟುಕೊಳ್ಳಿ. ಜ್ಯಾಕ್, ಹ್ಯಾನಾ, ಮೆಸ್ ಪರದೇಶದವರು. ಮುಸ್ತಫಾ ಅನ್ನೋದು ಆದೋನಿಯಲ್ಲಿ ಪಕ್ಕದ ಮನೆ ಹೆಸರು. ಪಂಕ್ಚರ್ ಹಾಕೋ ಅಣ್ಣನ ಹೆಸರು, ತರಗತಿಯಲ್ಲಿ ಮುಂದಿನ ಬೆಂಚಿನವನ ಹೆಸರು. ಲಿಂಗಾಯತರ ಹುಡುಗ, ಕುರುಬರ ಹುಡುಗ, ಬೋಯರ ಹುಡುಗ ಎಲ್ಲರೂ ‘ನಾನು ಮುಸ್ತಫಾ, ನಾನು ಮುಸ್ತಫಾ’ ಅಂತ ಜಗಳ ಆಡ್ತಿದ್ದ ಒಂದು ಕೋಣೆ ನಮ್ಮ ಊರಲ್ಲಿತ್ತು. ಇದಕ್ಕೆ ದೊಡ್ಡ ಅರ್ಥ ಹಚ್ಚೋದಕ್ಕೆ ನಾನು ಹೋಗಲ್ಲ. ಆದರೆ ಸೌಹಾರ್ದದ ಬಗ್ಗೆ ಬರೆಯೋರು ಒಮ್ಮೆ ಇದನ್ನೂ ನೆನೀಬಹುದು.

ಈಗ ಆಟದ ಕಟ್ಟೋಣ ನೋಡಿ, ವಿಮರ್ಶೆಗೆ ಮುಖ್ಯವಾದದ್ದು ಅದೇ. ಅಂಗಡಿಯ ಯಂತ್ರಕ್ಕೆ ಬರೆದ ಆಟ ನಿಮ್ಮನ್ನು ಬೇಗ ಕೊಲ್ಲಬೇಕು. ಅದರ ಹೊಟ್ಟೆಪಾಡೇ ಅದು. ಒಬ್ಬ ಹುಡುಗ ಒಂದು ರೂಪಾಯಿಗೆ ಮುಕ್ಕಾಲು ಗಂಟೆ ನಿಂತರೆ ಅಂಗಡಿಯವನಿಗೆ ನಷ್ಟ. ಹಾಗಂತ ನಿಂತ ಕೂಡಲೇ ಸಾಯಿಸಿದರೆ ಮತ್ತೆ ಯಾರೂ ಬರಲ್ಲ. ಈ ಎರಡರ ನಡುವೆ ತಕ್ಕಡಿ ತೂಗೋದೇ ಆ ಕಾಲದ ಆಟ ರಚನೆಯ ಕಲೆ. ಮೊದಲ ಹಂತ ಸಲೀಸು, ಎರಡನೇದರ ಕೊನೆಗೆ ಒಬ್ಬ ಗಟ್ಟಿ ಎದುರಾಳಿ, ಅಲ್ಲಲ್ಲಿ ಡಬ್ಬಿ ಒಡೆದರೆ ತಿನ್ನೋಕೆ ಏನಾದರೂ ಸಿಕ್ಕು ಒಂದಿಷ್ಟು ಶಕ್ತಿ. ಸತ್ತ ಮೇಲೆ ತೆರೆ ಮೇಲೆ ಅಂಕಿ ಇಳಿಯೋಕೆ ಶುರು: ಒಂಬತ್ತು, ಎಂಟು, ಏಳು. ಸೊನ್ನೆಗೆ ಮುಂಚೆ ಇನ್ನೊಂದು ಬಿಲ್ಲೆ ಹಾಕಿದರೆ ಬಿದ್ದಲ್ಲೇ ಏಳ್ತೀರಿ, ಹಾಕದಿದ್ದರೆ ಮುಗೀತು. ಆ ಒಂಬತ್ತು ಎಣಿಕೆಯಲ್ಲಿ ಕೋಣೆಯೆಲ್ಲಾ ಜೇಬು ತಡಕಾಡೋದು ನನಗೆ ಹೊರಗೆ ಕೇಳಿಸೋದು. ‘ಲೇ, ಒಂದ್ರುಪಾಯಿ ಐತೇನಲೇ? ನಾಳೆ ಕೊಡ್ತೀನಿ!’ ಅಂತ. ಕಟ್ಟೆ ಮೇಲೆ ಕೂತ ನನ್ನ ಹತ್ರಾನೂ ಓಡಿ ಬರೋರು. ಸಾಲ ಅನ್ನೋದರ ವ್ಯಾಕರಣವನ್ನು ನಮ್ಮ ಊರ ಹುಡುಗರು ಕಲಿತದ್ದು ಆ ಎಣಿಕೆಯಲ್ಲಿ.

ಆದರೆ ಆ ಎಣಿಕೆ ಮುಗಿಯುತ್ತಿತ್ತು, ಇದನ್ನು ಗಮನಿಸಿ. ಜೇಬು ಖಾಲಿಯಾದರೆ ಆಟ ಮುಗೀತು. ಆಮೇಲೆ ಏನು ಮಾಡೋದು? ಹಿಂದೆ ನಿಂತು ನೋಡೋದು. ಅಂಗಡಿಯಲ್ಲಿ ಆಡೋರು ಇಬ್ಬರು ಮೂವರಾದರೆ ನೋಡೋರು ಹತ್ತು ಜನ. ನೋಡೋರು ಸುಮ್ಮನೆ ಇರೋರೂ ಅಲ್ಲ. ಹೇಳಿಕೊಡೋರು, ಹೀಯಾಳಿಸೋರು, ಮುಂದೆ ಯಾರು ಎಲ್ಲಿಂದ ಬರ್ತಾನೆ ಅಂತ ಮುಂಚೆಯೇ ಕೂಗೋರು. ಭಾಷೆಯ ಮಜಾ ಅಲ್ಲೇ. ತೆಲುಗಿನ ಹುಡುಗರು ಹೊಡಿ ಅನ್ನೋಕೆ ‘ಕೊಟ್ರಾ, ಕೊಟ್ರಾ!’ ಅಂತ ಕಿರುಚೋರು. ಕನ್ನಡದ ಕಿವಿಗೆ ಅದು ‘ದುಡ್ಡು ಕೊಟ್ರಾ?’ ಅಂತ ಯಾರೋ ಮರ್ಯಾದೆಯಿಂದ ವಸೂಲಿಗೆ ನಿಂತ ಹಾಗೆ. ‘ಕೊಟ್ಟಿಲ್ಲ, ಉದ್ರಿ ಬರ್ಕೋ’ ಅಂತ ಕನ್ನಡದವನ ಜವಾಬು. ಹಳೇ ಜೋಕು, ದಿನಾ ಹೇಳಿದ್ರೂ ದಿನಾ ನಗು. ಲೈಫು, ಸ್ಟೇಜು, ಪವರು, ಬಾಸು ಅನ್ನೋ ನಾಲ್ಕು ಇಂಗ್ಲಿಷ್ ಪದ ಎರಡೂ ಭಾಷೆಗೆ ಸಮಾನ ಆಸ್ತಿ. ಶಾಲೆಯಲ್ಲಿ ಕನ್ನಡ ಮಾಧ್ಯಮ, ತೆಲುಗು ಮಾಧ್ಯಮ ಅಂತ ಬೇರೆ ಬೇರೆ ಕೋಣೆಯಲ್ಲಿ ಕೂಡುತ್ತಿದ್ದ ಹುಡುಗರು ಒಂದೇ ಕೋಣೆಯಲ್ಲಿ ಇರ್ತಿದ್ದದ್ದು ಇಲ್ಲಿ. ಗಡಿನಾಡ ಕನ್ನಡದ ಬಗ್ಗೆ ನಾವು ಬರೆಯೋವಾಗ ಶಾಲೆ, ಪಠ್ಯಪುಸ್ತಕ, ಬೋರ್ಡು ಇಷ್ಟನ್ನೇ ಹಿಡಿದು ಬರೀತೀವಿ. ಭಾಷೆ ಬೆರೆಯೋ ಜಾಗಗಳ ಪಟ್ಟಿ ನಮ್ಮ ಹತ್ರ ಇಲ್ಲ.

ಸರ್ಕಾರ, ಕೋರ್ಟು ಈ ಜಾಗವನ್ನು ಹೇಗೆ ನೋಡಿದವು ಅನ್ನೋದಕ್ಕೆ ಕರ್ನಾಟಕದ್ದೇ ಒಂದು ದೊಡ್ಡ ಮೊಕದ್ದಮೆ ಇದೆ. 1989ರಲ್ಲಿ ಬೆಂಗಳೂರು ನಗರಕ್ಕೆ ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪರವಾನಗಿ ಕಡ್ಡಾಯ ಮಾಡೋ ಆದೇಶ ಬಂತು. ವಿಡಿಯೋ ಗೇಮ್ ಅಂಗಡಿಯವರು ಪ್ರಶ್ನಿಸಿದರು: ನಮ್ಮದು ಕೌಶಲದ ಆಟ, ಜೂಜಲ್ಲ, ನಮಗೆ ಇದು ಯಾಕೆ ಅಂತ. ಎಂ.ಜೆ. ಶಿವಾನಿ ವಿರುದ್ಧ ಕರ್ನಾಟಕ ರಾಜ್ಯ ಅನ್ನೋ ಆ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ 1995ರಲ್ಲಿ ತೀರ್ಪಾಯಿತು. ಪರವಾನಗಿ ಬೇಕು, ಅದು ವ್ಯಾಪಾರದ ಹಕ್ಕಿಗೆ ವಿರುದ್ಧವಲ್ಲ ಅಂತ ಕೋರ್ಟು ಎತ್ತಿಹಿಡಿಯಿತು. ಯಂತ್ರದ ಒಳಗೆ ಕೈಯಾಡಿಸಿ ಆಡೋನ ಕೌಶಲವನ್ನೇ ಕೆಲಸಕ್ಕೆ ಬಾರದಂತೆ ಮಾಡಬಹುದು ಅನ್ನೋ ಅನುಮಾನಕ್ಕೆ ಅಲ್ಲಿ ತೂಕ ಸಿಕ್ಕಿತು.

ಅನುಮಾನ ಸುಳ್ಳಲ್ಲ. ಆಟದ ಬೋರ್ಡಿನಲ್ಲಿ ಕಷ್ಟದ ಮಟ್ಟ ಏರಿಸಬಹುದು, ಎಷ್ಟು ಲೈಫು ಅನ್ನೋದನ್ನು ಇಳಿಸಬಹುದು. ಕಂಪನಿಯೇ ಆ ಅನುಕೂಲ ಇಟ್ಟು ಮಾರುತ್ತಿತ್ತು. ನನ್ನ ಆಕ್ಷೇಪ ತೀರ್ಪಿನ ಮೇಲಲ್ಲ, ಅಲ್ಲಿ ಕೇಳಿದ ಪ್ರಶ್ನೆ ಎಷ್ಟು ಚಿಕ್ಕದು ಅನ್ನೋದರ ಮೇಲೆ. ಕೌಶಲವೋ ಅದೃಷ್ಟವೋ? ಈ ಒಂದು ಪ್ರಶ್ನೆ ಮೂವತ್ತು ವರ್ಷದಿಂದ ನಮ್ಮ ಇಡೀ ಚರ್ಚೆಯನ್ನು ಕಟ್ಟಿಹಾಕಿದೆ. 2020ರ ಸೆಪ್ಟೆಂಬರಿನಲ್ಲಿ ಆಂಧ್ರ ಸರ್ಕಾರ ತನ್ನ 1974ರ ಗೇಮಿಂಗ್ ಕಾಯ್ದೆ ತಿದ್ದಿ ಆನ್‌ಲೈನ್ ಜೂಜು ನಿಷೇಧಿಸಿದಾಗ ಅದೇ ಪ್ರಶ್ನೆ. 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆ ತಿದ್ದಿದಾಗ, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿದಾಗಲೂ ಅದೇ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲಾ ಒಟ್ಟಿಗೆ ನಿಷೇಧಿಸಿ, ಕೌಶಲವಾದರೂ ಸರಿ ಅದೃಷ್ಟವಾದರೂ ಸರಿ ಅಂದಾಗಲೇ ಆ ಪ್ರಶ್ನೆ ಒಂದಿಷ್ಟು ಪಕ್ಕಕ್ಕೆ ಸರಿದದ್ದು. ಯಾರು ಒಳಗೆ ಬರಬಹುದು, ಯಾರು ಬರೋಕಾಗಲ್ಲ, ಆಟ ಎಲ್ಲಿ ನಿಲ್ಲುತ್ತದೆ ಅನ್ನೋದನ್ನು ಯಾವ ಕಾಯ್ದೆಯೂ ಕೇಳಲಿಲ್ಲ.

ಯಾರು ಬರೋಕಾಗಲ್ಲ ಅನ್ನೋದಕ್ಕೆ ಬರ್ತೀನಿ. ಮುಸ್ತಫಾ ಆಟದಲ್ಲಿ ಹ್ಯಾನಾ ಅನ್ನೋ ಹೆಣ್ಣುಪಾತ್ರ ಇದೆ ಅಂದೆ. ಪರದೆಯ ಮೇಲೆ ಹೆಣ್ಣುಮಗಳು ಇದ್ದಳು, ಪರದೆ ಕಟ್ಟಿದ ಕೋಣೆಯಲ್ಲಿ ಇರ್ಲಿಲ್ಲ. ಇದು ಕೌತಾಳಂದೊಂದೇ ರೋಗ ಅಲ್ಲ. ಜಪಾನಿನ ನಾಮ್ಕೋ ಕಂಪನಿಯ ತೋರು ಇವಾತಾನಿ 1980ರಲ್ಲಿ ‘ಪ್ಯಾಕ್‌ಮ್ಯಾನ್’ ಮಾಡಿದ್ದೇ, ಗೇಮಿನ ಅಂಗಡಿಗಳು ಬರೀ ಗಂಡಸರ ಅಡ್ಡೆಯಾಗಿವೆ, ಹೆಣ್ಣುಮಕ್ಕಳೂ ಬರೋ ಹಾಗೆ ಒಂದು ಆಟ ಬೇಕು ಅಂತ. ಆತನೇ ಇದನ್ನು ಹಲವು ಸಂದರ್ಶನಗಳಲ್ಲಿ ಹೇಳಿದ್ದಾನೆ. ಗುಂಡು ಹಾರಿಸೋ ಆಟಗಳ ನಡುವೆ ತಿನ್ನೋ ಆಟ, ಮುದ್ದು ಭೂತ, ಬಣ್ಣ ಬಣ್ಣ. ಅಂದ್ರೆ ಈ ಉದ್ಯಮ ಹುಟ್ಟಿ ಹತ್ತು ವರ್ಷ ತುಂಬೋ ಮುಂಚೆ ಒಳಗಿನವನೊಬ್ಬನಿಗೆ ಬಾಗಿಲಿನ ಸಮಸ್ಯೆ ಕಂಡಿತ್ತು. ಇಪ್ಪತ್ತು ವರ್ಷ ಬಿಟ್ಟು ಆ ಪ್ಯಾಕ್‌ಮ್ಯಾನೇ ನಕಲಿ ಕ್ಯಾಸೆಟ್ಟಿನೊಳಗೆ ಕೂತು ನಮ್ಮ ಸೀಮೆಗೆ ಬಂದ, ಆದರೆ ಅವನ ಜೊತೆ ಆ ಆಲೋಚನೆ ಬರಲಿಲ್ಲ. ಒಂದು ಸಲ ನಾನು ಪರದೆ ಸರಿಸಿ ಒಳಗೆ ಕಾಲಿಟ್ಟಾಗ ಅಂಗಡಿಯವರು ಬೈಯಲಿಲ್ಲ. ‘ಯಾಕವ್ವಾ, ಅಣ್ಣನ್ನ ಕರಿಯಾಕ ಬಂದ್ಯಾ?’ ಅಂತ ಬಹಳ ಪ್ರೀತಿಯಿಂದ ಕೇಳಿದರು. ಹೌದು ಅಂದೆ. ಆಡೋಕೆ ಬಂದೀನಿ ಅನ್ನೋ ವಾಕ್ಯ ಆ ಕೋಣೆಯಲ್ಲಿ ನನ್ನ ಬಾಯಿಂದ ಹುಟ್ಟೋಕೆ ಜಾಗನೇ ಇರ್ಲಿಲ್ಲ. ಅವಮಾನ ಏನೂ ಆಗಲಿಲ್ಲ. ಅದಕ್ಕೇ ಅದನ್ನು ವಿವರಿಸೋದು ಕಷ್ಟ.

ಹಾಗಾಗಿ ಅಂಗಡಿ ಮುಚ್ಚಿದಾಗ ನನಗೆ ದುಃಖ ಆಗಬೇಕು ಅಂತ ಯಾರಾದರೂ ಹೇಳಿದರೆ, ಆಗಲಿಲ್ಲ. ನಮ್ಮ ಕಡೆ ಅದು ಒಂದು ದಿನದಲ್ಲಿ ಮುಚ್ಚಿದ್ದೂ ಅಲ್ಲ. ಮೊದಲು ಸೀಡಿ, ಡಿವಿಡಿ ಬಂದವು, ಆಮೇಲೆ ಇಂಟರ್‌ನೆಟ್ ಸೆಂಟರು, ಆಮೇಲೆ ಮೆಮೊರಿ ಕಾರ್ಡಿಗೆ ಹಾಡು ತುಂಬೋ ವ್ಯಾಪಾರ. ಅಂಗಡಿಯವರು ಒಂದೊಂದಾಗಿ ಬೋರ್ಡು ಬದಲಿಸಿದರು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಆಟ ಕೈಯೊಳಗೆ ಬಂತು. ನನ್ನ ಕೈಯೊಳಗೂ ಬಂತು ಅನ್ನೋದು ಮುಖ್ಯ. ನನ್ನ ಅತ್ತಿಗೆ ಅಡುಗೆ ಮುಗಿಸಿ, ಮಗುವನ್ನು ಮಲಗಿಸಿ, ಕ್ಯಾಂಡಿ ಕ್ರಷ್ ಆಡ್ತಾಳೆ. ಯಾರ ಅಪ್ಪಣೆಯೂ ಬೇಕಿಲ್ಲ. ಇದನ್ನು ಅವನತಿ ಅಂತ ಕರೆಯೋಕೆ ನಾನು ಒಪ್ಪಲ್ಲ.

ನಮ್ಮ ಸೀಮೆಯದ್ದೇ ಇನ್ನೊಂದು ಮಾತಿದೆ. ಕನ್ನಡದಲ್ಲಿ ಸುಗ್ಗಿ ಅಂದ್ರೆ ಬೆಳೆ ಮನೆಗೆ ಬರೋ ಹಬ್ಬ. ನಮ್ಮ ಕಡೆ ‘ಸುಗ್ಗಿಗೆ ಹೋಗೋದು’ ಅಂದ್ರೆ ಮನೆಗೆ ಬೀಗ ಹಾಕಿ ದುಡಿಯೋಕೆ ಹೋಗೋದು. ಕೋಸಿಗಿ, ಕೌತಾಳಂ, ಮಂತ್ರಾಲಯ ಮಂಡಲಗಳಿಂದ ಪ್ರತಿ ವರ್ಷ ಕುಟುಂಬ ಕುಟುಂಬವೇ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸೋಕೆ, ಹತ್ತಿ ಬಿಡಿಸೋಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗ್ತಾವೆ. ಮಕ್ಕಳೂ ಜೊತೆಗೆ. ಗೇಮಿನ ಅಂಗಡಿ ಅವರ ಜೊತೆ ಹೋಗ್ತಿರ್ಲಿಲ್ಲ. ಆ ತಿಂಗಳುಗಳಲ್ಲಿ ಅಂಗಡಿಯಲ್ಲಿ ಉಳಿಯೋರು ಯಾರು? ಊರಲ್ಲೇ ಉಳಿಯೋ ಸ್ಥಿತಿ ಇದ್ದವರ ಮಕ್ಕಳು. ‘ಒಂದು ರೂಪಾಯಿಗೆ ಎಲ್ಲರೂ ಸಮಾನ’ ಅನ್ನೋ ನೆನಪಿನ ಮಾತಿಗೆ ಈ ತೂತು ಇದೆ. ಇವತ್ತು ಮೆಣಸಿನಕಾಯಿ ಹೊಲದ ಪಕ್ಕದ ಗುಡಿಸಲಿನಲ್ಲಿ ಕೂತ ಹುಡುಗನ ಕೈಯಲ್ಲಿ ಫೋನು ಇದೆ, ಊರಲ್ಲಿರೋ ಗೆಳೆಯನ ಜೊತೆಗೇ ಆಡ್ತಾನೆ.

ಹಾಗಾದರೆ ಫೋನು ಗೆದ್ದಿತು ಅಂತ ಮುಗಿಸಬಹುದಾ? ಆಗಲ್ಲ. ಮತ್ತೆ ಆಟದ ಕಟ್ಟೋಣಕ್ಕೇ ಬರಬೇಕು. ಅಂಗಡಿಯ ಆಟ ನಿಮ್ಮನ್ನು ಬೇಗ ಕಳಿಸಬೇಕಿತ್ತು. ಫೋನಿನ ಆಟ ನಿಮ್ಮನ್ನು ಯಾವತ್ತೂ ಕಳಿಸಬಾರ್ದು. ನಮ್ಮ ಕಡೆ ಹುಡುಗರ ಕೈಯಲ್ಲಿದ್ದ ಕಡಿಮೆ ಬೆಲೆಯ ಫೋನಿನಲ್ಲೂ ಓಡ್ತಿದ್ದದ್ದು ಫ್ರೀ ಫೈರ್. ಒಳಗೆ ಹೋಗೋಕೆ ದುಡ್ಡಿಲ್ಲ. ಐವತ್ತು ಜನ ಒಂದು ದ್ವೀಪಕ್ಕೆ ಇಳೀತಾರೆ, ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತೆ, ಆದರೆ ಮುಗಿಯಲ್ಲ. ಮುಂದಿನದಕ್ಕೆ ಕರೀತದೆ, ದಿನಾ ಬಂದರೆ ಬಹುಮಾನ ಅಂತದೆ, ಅಂಗಿ ಬಣ್ಣ ಬೇಕಾದರೆ ‘ಡೈಮಂಡ್’ ಕೊಳ್ಳು ಅಂತದೆ. ಒಂಬತ್ತು ಎಂಟು ಏಳು ಅಂತ ಎಣಿಸೋದು ಇಲ್ಲ, ಯಾಕಂದ್ರೆ ಸೊನ್ನೆಯೇ ಇಲ್ಲ. ಒಂದು ಬಿಲ್ಲೆ ಖರ್ಚಾದದ್ದು ಕೈಗೆ ಗೊತ್ತಾಗೋದು. ಅಪ್ಪನ ಫೋನಿನ ಯುಪಿಐನಿಂದ ಹೋದದ್ದು ಯಾರ ಕೈಗೂ ಗೊತ್ತಾಗಲ್ಲ, ತಿಂಗಳ ಕೊನೆಗೆ ಗೊತ್ತಾಗ್ತದೆ. ಇನ್ನು ರಮ್ಮಿಯಂಥ ದುಡ್ಡಿನ ಆಟಗಳು ಫೋನಿನೊಳಗೆ ಅದೇ ಸಾಲಿನಲ್ಲಿ, ಅದೇ ಬಣ್ಣದಲ್ಲಿ ಬಂದು ಕೂತವು. ಗೇಮಿನ ಅಂಗಡಿಗೂ ಇಸ್ಪೀಟಿನ ಅಡ್ಡೆಗೂ ನಡುವೆ ಊರಲ್ಲಿ ಎರಡು ಬೀದಿ ಇರ್ತಿತ್ತು. ಫೋನಿನಲ್ಲಿ ಅರ್ಧ ಇಂಚು.

ನಿಷೇಧದಿಂದ ಇದು ಬಗೆಹರಿಯಲಿಲ್ಲ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್ ನಿಷೇಧಿಸಿತು. ಮರುವರ್ಷ ಅದೇ ಆಟ ಇನ್ನೊಂದು ಹೆಸರಲ್ಲಿ ಬಂತು. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಹೋಯಿತು, ಅದರದ್ದೇ ‘ಮ್ಯಾಕ್ಸ್’ ರೂಪ ಉಳಿಯಿತು. ಹುಡುಗರು ಒಂದು ವಾರ ಕೂಡ ಕಾಯಲಿಲ್ಲ.

ಮತ್ತೆ ನೋಡೋರು ಎಲ್ಲಿ ಹೋದರು? ಈಗ ಯೂಟ್ಯೂಬಿನಲ್ಲಿ ಲಕ್ಷಾಂತರ ಜನ ಒಬ್ಬ ಆಡೋದನ್ನ ನೋಡ್ತಾರೆ ಅನ್ನಬಹುದು. ಹೌದು. ಆದರೆ ಅವನು ಅವರನ್ನು ನೋಡಲ್ಲ. ಅಂಗಡಿಯಲ್ಲಿ ಹಿಂದೆ ನಿಂತವನು ಹೆಗಲಿಗೆ ತಾಗುತ್ತಿದ್ದ, ಅವನ ಉಸಿರು ಕಿವಿಗೆ ಬರ್ತಿತ್ತು, ಬೆವರು ನಾರ್ತಿತ್ತು. ‘ಸಾಕು ಬಾರಲೇ, ಸಂಜಿ ಆತು’ ಅಂತ ಎಳ್ಕೊಂಡು ಹೋಗೋನೂ ಅವನೇ.

ಭವಿಷ್ಯದ ಮಾತಿಗೆ ಬಂದರೆ ಮೂರು ದಾರಿ ಕಾಣ್ತವೆ, ಎರಡನ್ನು ಬೇಗ ದಾಟ್ತೀನಿ. ಮೊದಲನೇದು ಮಾಲು. ಬೆಂಗಳೂರಿನ ಟೈಮ್‌ಜೋನ್ ಥರದ ಜಾಗಗಳು ಜೋರಾಗೇ ನಡೀತಿವೆ. ಅಲ್ಲಿ ಬಿಲ್ಲೆ ಇಲ್ಲ, ಕಾರ್ಡಿದೆ. ಕಾರ್ಡಿನಲ್ಲಿ ಎಷ್ಟು ಹೋಯಿತು ಅನ್ನೋದು ಫೋನಿನಷ್ಟೇ ಮಸುಕು. ಕೌತಾಳಂನ ಮಗುವಿಗೆ ಅದು ಟೂರಿನಲ್ಲಿ ನೋಡೋ ವಸ್ತು. ಈ ದಾರಿಯ ತವರಾದ ಜಪಾನಿನಲ್ಲೇ ಸೆಗಾ ಕಂಪನಿ 2020ರ ಕೊನೆಗೆ ತನ್ನ ಗೇಮ್ ಅಂಗಡಿಗಳ ಬಹುಪಾಲನ್ನು ಗೆಂಡಾ ಅನ್ನೋ ಸಂಸ್ಥೆಗೆ ಮಾರಿತು, 2022ರಲ್ಲಿ ಸೆಗಾ ಅನ್ನೋ ಹೆಸರೂ ಬೋರ್ಡಿನಿಂದ ಇಳೀತು. ಉಳಿದಿರೋ ಕಡೆಯೂ ಗೊಂಬೆ ಎತ್ತೋ ಕ್ರೇನು ಯಂತ್ರಗಳದ್ದೇ ದರ್ಬಾರು. ಎರಡನೇದು ಜಾತ್ರೆ. ಉರುಕುಂದದಲ್ಲಿ ಶ್ರಾವಣದ ಸೋಮವಾರ, ಗುರುವಾರ ಸೇರೋ ಜನಕ್ಕೆ ತೊಟ್ಟಿಲು, ಬಲೂನಿಗೆ ಗುರಿ ಇಡೋ ಬಂದೂಕು ಎಲ್ಲಾ ಇದ್ದಾವೆ, ನಾಲ್ಕು ಗೇಮಿನ ಯಂತ್ರಾನೂ ನಡೆಯುತ್ತವೆ. ಜಾತ್ರೆಯ ದೊಡ್ಡ ಗುಣ, ಅಲ್ಲಿಗೆ ಹೆಣ್ಣುಮಕ್ಕಳು ಬರ್ತಾರೆ, ಯಾಕೆ ಬಂದೆ ಅಂತ ಯಾರೂ ಕೇಳಲ್ಲ. ಆದರೆ ಅದು ಒಂದು ತಿಂಗಳ ಮಾತು.

ಮೂರನೇದು ಗ್ರಂಥಾಲಯ. ಗಡಿಯ ಆಚೆ, ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಈಗ ‘ಅರಿವು ಕೇಂದ್ರ’ ಅಂತ ಕರೀತಾರೆ. ಪುಸ್ತಕದ ಜೊತೆ ಕಂಪ್ಯೂಟರು, ಚೆಸ್ಸು ಥರದ ಆಟದ ಸಾಮಾನು ಇರೋ ಕಡೆಗಳಿವೆ. ಸಿರುಗುಪ್ಪ ತಾಲೂಕಿನ ಮಗುವಿಗೆ ಸಿಗಬಹುದಾದದ್ದು ನಮ್ಮ ಮಗುವಿಗೆ ಇಲ್ಲ, ಇದು 1953ರ ಲೆಕ್ಕ, ಇರಲಿ. ನಾನು ಹೇಳೋದು, ಅಂಥ ಒಂದು ಜಾಗದಲ್ಲಿ ಹಳೇ ಟಿವಿ, ಅಂಗೈಯಗಲದ ಒಂದು ರಾಸ್ಪ್‌ಬೆರಿ ಪೈ ಕಂಪ್ಯೂಟರು, ಎರಡು ಗಟ್ಟಿಮುಟ್ಟಾದ ಹಿಡಿಕೆ ಇಟ್ಟರೆ ಗೇಮಿನ ಅಂಗಡಿ ಆಯಿತು. ಕೃತಿಸ್ವಾಮ್ಯದ ಪ್ರಶ್ನೆ ಬರ್ತದೆ. ಮುಸ್ತಫಾನನ್ನು ಹಾಗೇ ತಂದು ಇಡೋಕಾಗಲ್ಲ, ಅವನು ಇನ್ನೂ ಕ್ಯಾಪ್‌ಕಾಮಿನವನು. ಆದರೆ ಗ್ರಿಡ್ಲೀ, ರಾಬಿ ರೋಟೋ ಥರದ ಕೆಲವು ಹಳೇ ಆಟಗಳನ್ನು ವ್ಯಾಪಾರಕ್ಕಲ್ಲದ ಬಳಕೆಗೆ ಹಕ್ಕುದಾರರೇ ಬಿಟ್ಟುಕೊಟ್ಟಿದ್ದಾರೆ, ಮೇಮ್ ತಂಡವೇ ಅವನ್ನು ಹಂಚುತ್ತದೆ. ಜೊತೆಗೆ ಸ್ಕ್ರಾಚ್ ಅಂತ ಉಚಿತ ಸಾಧನ ಇದೆ, ಏಳನೇ ಕ್ಲಾಸಿನ ಹುಡುಗಿ ವಾರದಲ್ಲಿ ಒಂದು ಸಣ್ಣ ಆಟ ಕಟ್ಟಬಹುದು, ಅದರೊಳಗೆ ಕನ್ನಡದಲ್ಲಿ, ತೆಲುಗಿನಲ್ಲಿ ಮಾತು ಬರೆಯಬಹುದು. ಪಕ್ಕದವರು ಆಡ್ತಾರೆ, ಹಿಂದೆ ನಿಂತವರು ನೋಡ್ತಾರೆ. ಬಾಗಿಲಿಗೆ ಪರದೆ ಬೇಡ. ಬಿಸಿಲು ಬಿದ್ದರೆ ಟಿವಿಯನ್ನು ತಿರುಗಿಸಿ ಇಟ್ಟರಾಯಿತು.

ಚಾಟಿನಲ್ಲಿ ಎರಡು ಪ್ರಶ್ನೆ ಇವೆ. ‘ಗ್ರಂಥಾಲಯದಲ್ಲಿ ಗೇಮ್ ಇಟ್ಟರೆ ಓದೋರು ಯಾರು?’ ಅಂತ ಒಬ್ಬರು ಹಿರಿಯರು ಕೇಳಿದ್ದಾರೆ. ಸರ್, ಈಗ ಓದೋರು ಯಾರು ಅಂತ ನಾನು ಕೇಳಿದರೆ ಅಧಿಕಪ್ರಸಂಗ ಆಗ್ತದೆ. ಚೆಸ್ ಬೋರ್ಡು ಇಟ್ಟಾಗ ನಾವು ಈ ಪ್ರಶ್ನೆ ಕೇಳಲಿಲ್ಲ ಅನ್ನೋದನ್ನು ಮಾತ್ರ ನೆನಪಿಸ್ತೀನಿ. ಚೆಸ್ಸಿಗೆ ಮರ್ಯಾದೆ ಇದೆ, ಇದಕ್ಕಿಲ್ಲ. ಮರ್ಯಾದೆ ಕೊಡೋದೋ ಬಿಡೋದೋ ಅನ್ನೋದು ನಮ್ಮಂಥ ವಿಭಾಗಗಳು ಏನು ಬರೀತಾವೆ ಅನ್ನೋದರ ಮೇಲೂ ನಿಂತಿದೆ.

ಇನ್ನೊಂದು ಗೆಳತಿಯದು: ‘ಬಾಗಿಲು ತೆರೆದಿಟ್ಟರೆ ಹುಡುಗಿಯರು ಬರ್ತಾರಾ?’ ತಾವಾಗಿ ಬರಲ್ಲ ಅಕ್ಕಾ. ತೆರೆದ ಬಾಗಿಲಿನ ಒಳಗೂ ಮೊದಲ ದಿನ ಹುಡುಗರೇ ಹಿಡಿಕೆ ಹಿಡ್ಕೊಂಡು ಕೂಡ್ತಾರೆ, ಬಿಡಲ್ಲ. ಹಾಗಾಗಿ ಸರದಿ ಬರೆಯೋಕೆ ಒಂದು ನೋಟ್‌ಬುಕ್ಕು, ಅದನ್ನು ನೋಡಿಕೊಳ್ಳೋಕೆ ಒಬ್ಬ ಅಕ್ಕ ಬೇಕು. ವಾರದಲ್ಲಿ ಎರಡು ಸಂಜೆ ಹುಡುಗಿಯರದ್ದೇ ಅಂತ ಗೋಡೆಗೆ ಬರೆದು ಹಾಕಬೇಕು, ಎರಡೂ ಭಾಷೆಯಲ್ಲಿ. ಕತ್ತಲಾಗೋ ಮುಂಚೆ ಮುಚ್ಚಬೇಕು, ಇಲ್ಲಾಂದ್ರೆ ಮನೆಯವರು ಕಳಿಸಲ್ಲ. ಒಬ್ಬೊಬ್ಬರಿಗೆ ಎಷ್ಟು ಹೊತ್ತು ಅಂತ ಕೇಳಿದ್ದೀರಿ. ಮೂರು ಲೈಫು. ಮೂರು ಮುಗಿದರೆ ಎದ್ದು ಹಿಂದೆ ನಿಲ್ಲಬೇಕು, ಮುಂದಿನವಳು ಕೂಡ್ತಾಳೆ.